ಅಂಚು ಕಚ್ಚುವ ತನಕ

ಇನ್ನೂರು ಸಲ ಪಂಪು ಒತ್ತಿದ ಮೇಲೆ ಅವಳು ಎಣಿಸುವುದನ್ನು ಬಿಟ್ಟಳು. ಒಳಗೆ ಹೋದ ಗಾಳಿಯೆಲ್ಲ ಸೈಕಲ್ ಟೈರಿನ ಅಂಚಿನಿಂದ ಬುಸ್ಸೆಂದು ಹೊರಗೆ ಬರುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

"ಅಮ್ಮ, ಒಂಬತ್ತಾಯ್ತು," ಎಂದಳು ಮಗಳು. ರೇಸಿನ ಬಟ್ಟೆ ತೊಟ್ಟು, ಹೆಲ್ಮೆಟ್ಟಿನ ಪಟ್ಟಿಯನ್ನೂ ಬಿಗಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಹತ್ತಕ್ಕೆ ಕ್ರೀಡಾಶಾಲೆಯ ಆಯ್ಕೆ. ಹದಿನಾರು ತುಂಬಿದವರನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲ. ಮುಂದಿನ ತಿಂಗಳು ಅವಳಿಗೆ ಹದಿನಾರು.

ಹಳೆ ಟೈರು ನಿನ್ನೆ ಗಾಜಿನ ಚೂರಿಗೆ ಸೀಳಿತ್ತು. ಕಪಾಟಿನಲ್ಲಿ ಹೊಸದೊಂದು ಇತ್ತು, ಮಗಳ ಅಪ್ಪ ಕಾಯಿಲೆ ಬೀಳುವ ಮೊದಲೇ ತಂದಿಟ್ಟದ್ದು. ಟ್ಯೂಬಿಲ್ಲದ ಜಾತಿ, ಅಂಚು ರಿಮ್ಮನ್ನು ಕಚ್ಚಿ ಕೂತರೆ ಮಾತ್ರ ಗಾಳಿ ನಿಲ್ಲುತ್ತದೆ. ಮೂಲೆಯ ಸೈಕಲ್ ಅಂಗಡಿಯವನು ಫೋನಿನಲ್ಲೇ ಕೈಯೆತ್ತಿದ್ದ: "ಟ್ಯೂಬ್‌ಲೆಸ್ ಕೆಲಸ ನಂಗೆ ಬರಲ್ಲಮ್ಮ. ಟ್ಯೂಬ್ ಹಾಕೋಣ ಅಂದ್ರೆ ಆ ಸೈಜೂ ಇಲ್ಲ."

ಕೆಲಸ ಗೊತ್ತಿದ್ದ ಅವಳ ಗಂಡ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಇಪ್ಪತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವರು. ಅವರು ಕೆಮ್ಮಿದರೆ ಪಕ್ಕದ ಸ್ಕೂಲಿನ ಮಕ್ಕಳೂ ಸಾಲಾಗಿ ನಿಲ್ಲುತ್ತಾರೆ ಎಂದು ಜನ ತಮಾಷೆ ಮಾಡುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಈಗ ಹಸಿವಿಗೂ ನೋವಿಗೂ ಒಂದೇ ಶಬ್ದ.

"ಬ್ಬ... ಬ್ಬ..." ಎಂದರು.

"ನೀರು ಬೇಕೇನ್ರಿ?"

ಅಲ್ಲವೆಂದು ತಲೆಯಾಡಿಸಿ ಎಡಗೈ ಎತ್ತಿದರು. ಬೆರಳುಗಳಲ್ಲಿ ಏನನ್ನೋ ಹಿಡಿದು ತಿರುಗಿಸಿದಂತೆ ಮಾಡಿದರು. ಅವಳು ಚಕ್ರವನ್ನು ತಿರುಗಿಸಿದಳು. ಅದಲ್ಲ. ಮಗುಚಿ ಹಾಕಿದಳು. ಅದೂ ಅಲ್ಲ. ಮತ್ತೆ ಪಂಪು ಹಿಡಿದಳು.

"ಬ್ಬ... ಬ್ಬ... ಬ್ಬ..."

"ಸ್ವಲ್ಪ ಬಾಯ್ ಮುಚ್ಕೊಂಡು ಕೂತ್ಕೋತೀರಾ?"

ಅವರು ಬಾಯಿ ಮುಚ್ಚಿದರು. ಮಗಳು ಅಮ್ಮನ ಮುಖ ನೋಡದೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದಳು. "ಬಿಡಮ್ಮ. ಹೋಗ್ಲಿ ಬಿಡು."

ಅವಳು ಬಿಡಲಿಲ್ಲ. ಕಣ್ಣೀರು ಒರೆಸಿಕೊಳ್ಳಲೂ ನಿಲ್ಲದೆ, ಯಾರ ಮೇಲೋ ಹಗೆ ತೀರಿಸಿಕೊಳ್ಳುವವಳಂತೆ ಒತ್ತಿದಳು. ಹಿಂದೆ ಧೊಪ್ಪೆಂದಿತು. ಬಿದ್ದರೆಂದು ಎದೆ ಒಡೆದು ತಿರುಗಿದರೆ, ಅವರು ಕುರ್ಚಿಯಿಂದ ಜಾರಿ ಇಳಿದು ಎಡಮೊಣಕೈ ಊರಿ ತೆವಳುತ್ತಿದ್ದರು. ಎತ್ತಲು ಹೋದವಳ ಕೈಯನ್ನು ತಳ್ಳಿದರು. ಚಕ್ರದ ಹತ್ತಿರ ಬಂದು ವಾಲ್ವಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರು. ಬೆರಳು ಜಾರಿತು.

"ಅದನ್ನ ಬಿಚ್ಚಬೇಕಾ ಅಪ್ಪ?" ಮಗಳು ಓಡಿ ಇಕ್ಕಳ ತಂದಳು. ವಾಲ್ವಿನೊಳಗಿನ ಸಣ್ಣ ಪಿನ್ನು ಕಳಚಿ ಬಂತು. ಇಷ್ಟು ಹೊತ್ತೂ ಗಾಳಿ ಜೋರಾಗಿ ನುಗ್ಗದಂತೆ ಅಡ್ಡ ನಿಂತಿದ್ದದ್ದು ಅದೇ. ಅವರು ಬಚ್ಚಲ ಕಡೆ ಕೈ ತೋರಿಸಿ, ಟೈರಿನ ಅಂಚನ್ನು ಸವರಿ ತೋರಿಸಿದರು.

"ಸೋಪಿನ ನೀರಾ?"

ನೆಲಕ್ಕೆ ಎರಡು ಸಲ ತಟ್ಟಿದರು. ಹೌದು.

ಅಂಚಿನ ಸುತ್ತ ಸೋಪಿನ ನೀರು ಹಚ್ಚಿ ಅವಳು ಮತ್ತೆ ಒತ್ತಿದಳು. ಈ ಸಲ ಗಾಳಿ ನುಗ್ಗಿತು. ಟೈರು ಹೊಟ್ಟೆ ಉಬ್ಬಿಸಿತು. 'ಟಪ್' ಎಂದಿತು. ಸ್ವಲ್ಪ ತಡೆದು, 'ಟಪ್, ಟಪ್'. ಪಂಪು ಕಿತ್ತಾಗ ಗಾಳಿಯೆಲ್ಲ ಹೋಯಿತು, ಆದರೆ ಅಂಚು ಕಚ್ಚಿದ್ದು ಬಿಡಲಿಲ್ಲ. ಟೈರಿನ ಜೊತೆಗೇ ತಂದಿಟ್ಟಿದ್ದ, ಸೋರಿಕೆ ಮುಚ್ಚುವ ಬಿಳಿ ದ್ರವವನ್ನು ಅದೇ ತೂತಿನಲ್ಲಿ ಹೊಯ್ದು, ಪಿನ್ನು ಹಾಕಿ, ಗಾಳಿ ತುಂಬಿದರು. ಮೇಷ್ಟ್ರು ಹೆಬ್ಬೆರಳಿನಿಂದ ಒತ್ತಿ ನೋಡಿ, ಸಾಕು ಎಂದು ಕೈ ಮಾಡಿದರು.

ಮಗಳು ಹೋದಳು. ಹತ್ತಕ್ಕೆ ಐದು ನಿಮಿಷವಿರುವಾಗ ಫೋನ್ ಮಾಡಿದಳು. "ಸಾಲಲ್ಲಿ ನಿಂತಿದೀನಮ್ಮ. ಅಪ್ಪಂಗೆ ಹೇಳು."

ಹೇಳಿದಳು. ಆಮೇಲೆ ಅವರ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದಳು. ದಿನವೂ ತಾಯಿ ಮಗಳು ಇಬ್ಬರೂ ಸೇರಿ ಎತ್ತುವ ಮೈ. ಒದ್ದೆ ನೆಲದಲ್ಲಿ ಅವಳ ಪಾದವೇ ಜಾರಿತು.

"ಪಕ್ಕದ ಮನೆಯವರನ್ನ ಕರೀಲಾ?"

ಬೇಡವೆಂದು ತಲೆಯಾಡಿಸಿದರು.

"ರೀ, ನಾನು ಆಗ..." ಎಂದಳು. ಅವರ ಪಕ್ಕದಲ್ಲಿ ಗೋಡೆಗೊರಗಿ ಕೂತಳು. ಸೋಪಿನ ನೀರು ನೆಲದ ಇಳಿಜಾರು ಹುಡುಕಿಕೊಂಡು ಮೆಲ್ಲಗೆ ಇಬ್ಬರ ಪಾದಗಳ ಕಡೆ ಹರಿದು ಬಂತು. ಅವಳೂ ಕಾಲು ಎಳೆದುಕೊಳ್ಳಲಿಲ್ಲ.