ಸೋಮವಾರದ ಮೋಟಾರು

ಯಾವ ದೇಶದಾವ್ರೋ ಯಾವ ಕಾಲುವಿಗೋ ಬಡದಾಡಿದ್ರಂತ, ಬನವಾಸಿ ಕಡೆ ನಮ್ಮೂರಿಗೆ ಮೋಟಾರು ಬರಲಿಲ್ಲ. ಐವತ್ತಾರನೇ ಇಸ್ವಿ, ದೀಪಾವಳಿ ಮುಗದು ಹದಿನೈದು ದಿನ ದಾಟಿತ್ತು. ಅವ್ರ ಬಾಯಾಗ ಮಣ್ಣು ಬೀಳ್ಲಿ ಅಂತ ಇವತ್ತಿಗೂ ಬೈತೇನಿ. ಬೈದ್ರ ಎದಿ ಹಗುರ ಆಗೂದಿಲ್ಲ, ಆ ಮಾತು ಬ್ಯಾರೆ.

ನನ್ನ ಮಗಳು ಸಾವಿತ್ರಿ ಚೊಚ್ಚಲ ಹೆರಿಗಿಗೆ ಬಂದಿದ್ಲು. ಬ್ಯಾನಿ ಸುರುವಾಗಿ ಒಂದು ಹಗಲು, ಒಂದು ರಾತ್ರಿ ಕಳದಿತ್ತು. ಮುಂಜಾನೆ ಸೂಲಗಿತ್ತಿ ಗುರುಶಾಂತವ್ವ ಹೊರಗ ಬಂದು, "ಮುರಿಗೆವ್ವಾ, ಕೂಸು ಅಡ್ಡ ಐತಿ. ನನ್ನ ಕೈಲೆ ಆಗೂದಲ್ಲ. ಶಿರಸಿ ದವಾಖಾನಿಗೆ ಒಯ್ರಿ, ತಡಾ ಮಾಡಬ್ಯಾಡ್ರಿ" ಅಂದ್ಲು.

ನಮ್ಮನಿಯವ್ರು ಚಕ್ಕಡಿ ಹೂಡಾಕ ಕೊಟ್ಟಿಗಿಗೆ ಓಡಿದ್ರು. ನಾ ಬಾಗಿಲಿಗೆ ಅಡ್ಡ ನಿಂತೆ.

"ಇವತ್ತು ಸೋಮವಾರ! ಬಸವಣ್ಣನ ಹೆಗಲಿಗೆ ನೊಗಾ ಇಡ್ತೀರೇನು? ನಮ್ಮ ಮನಿತನದಾಗ ಯಾರರ ಇಟ್ಟಾರೇನು? ಆ ಪಾಪ ಕೂಸಿಗೆ ತಟ್ಟತೈತಿ. ಹತ್ತಕ್ಕ ಮೋಟಾರು ಬರ್ತೈತಿ, ಒಂದು ತಾಸಿನ ದಾರಿ."

"ಎತ್ತಿನ ಕಾಲು ಹಿಡದು ಬೇಡಕೊಂಡು ಹೂಡ್ತೇನಿ. ದಾರಿ ಬಿಡಽ" ಅಂದ್ರು. ನಾ ಬಿಡಲಿಲ್ಲ.

ಮಗಳನ್ನ ಕಂಬಳಿ ಮ್ಯಾಲ ಮಲಗಿಸಿ ರಸ್ತಾದ ಬಾಜೂಕ ಕಾಯ್ಕೋತ ಕುಂತ್ವಿ. ಹತ್ತಾತು, ಹನ್ನೊಂದಾತು. ಶಿರಸಿ ಕಡಿಂದ ಸಾಲಿ ಮಾಸ್ತರ ಕಮಲಾಕರ ಸೈಕಲ್ ಮ್ಯಾಲ ಬಂದ್ರು.

"ಮೋಟಾರು ಬರೂದಿಲ್ರಿ ಅವ್ವಾರ. ಪರದೇಶದ ಕಾಲುವಿ ಬಂದ್ ಆಗಿ ಮೋಟಾರಿನ ಎಣ್ಣಿ ತರೂ ಹಡಗು ನಿಂತಾವಂತ. ಇನ್ನ ದಿನಾ ಬಿಟ್ಟು ದಿನಾ ಬಿಡ್ತಾರಂತ. ಇದು ಸುರುವಾತು ಅಷ್ಟ. ನೆಲದಾಗಿನ ಎಣ್ಣಿ ಒಂದಿನ ಪೂರಾ ತೀರತೈತಿ, ಅವಾಗ ಉಳದ ಹನಿಗೆ ದೇಶದೇಶಗೋಳು ಕಚ್ಚಾಡ್ತಾವ..."

"ನಿಮ್ಮ ಎಣ್ಣಿಗೆ ಬೆಂಕಿ ಬೀಳ್ಲಿ! ನನ್ನ ಮಗಳು ಸಾಯಾಕತ್ತ್ಯಾಳ!" ಅಂತ ಚೀರಿದೆ. ಪಾಪ, ಅವ್ರು ಕೈಯಾಗಿನ ಸೈಕಲ್ ಕೆಡವಿ ಓಡಿಬಂದ್ರು.

ನಮ್ಮನಿಯವ್ರು ನನ್ನ ಕಡೆ ನೋಡಲೂ ಇಲ್ಲ. ಹೋಗಿ ಎತ್ತು ಹೂಡಿಕೊಂಡು ಬಂದ್ರು. ಮಾಸ್ತರು ಒಂದು ಕಡಿ ಹಿಡದ್ರು, ಮಗಳನ್ನ ಹುಲ್ಲಿನ ಮ್ಯಾಲ ಮಲಗಿಸಿದ್ವಿ.

"ಯವ್ವಾ, ಇನ್ನ ಎಷ್ಟ ದೂರ?" ಅಂತ ದಾರಿಯಾಗ ಸಾವಿತ್ರಿ ಕೇಳಿದ್ಲು.

"ಬಂತು ನನ್ನವ್ವಾ, ಬಂತು" ಅಂದೆ. ಶಿರಸಿ ಇನ್ನ ಆರು ಮೈಲಿ ಇತ್ತು. ಮುಂದ ಆಕಿ ಏನೂ ಕೇಳಲಿಲ್ಲ.

ದವಾಖಾನ್ಯಾಗ ಡಾಕ್ಟರು ಆಕಿ ಕಣ್ಣು ಬಿಡಿಸಿ ನೋಡಿ ಕೈ ಬಿಟ್ರು. "ಮಧ್ಯಾಹ್ನದೊಳಗ ತಂದಿದ್ರ ತಾಯೀನರ ಉಳಸ್ತಿದ್ದೆ. ಮುಂಜಾನೆ ಚಕ್ಕಡಿ ಇರಲಿಲ್ಲೇನು?" ಅಂತ ಕೇಳಿದ್ರು.

"ಇರಲಿಲ್ರಿ" ಅಂದ್ರು ನಮ್ಮನಿಯವ್ರು.