ಅಮಾವಾಸ್ಯೆಯ ರಜೆ

ದೇವದುರ್ಗದ ಹೈಸ್ಕೂಲಿನ ಸಂಘಮಿತ್ರಾ ಟೀಚರಿಗೆ ‘ಗೊತ್ತಿಲ್ಲ’ ಎಂಬ ಮಾತೊಂದು ಬಾಯಿಗೆ ಬರುತ್ತಿರಲಿಲ್ಲ. ಹದಿನಾಲ್ಕು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು. ನಕಾಶೆಯ ಮೇಲೆ ಯಾವ ದೇಶ ತೋರಿಸಿದರೂ ಅಲ್ಲಿನ ಮಳೆ, ಬೆಳೆ, ಜನ ಎಲ್ಲ ಗಡಗಡ ಹೇಳಿಬಿಡುವಳು. ಗೊತ್ತಿಲ್ಲದಿದ್ದರೂ ಹೇಳುವಳು. ಅದೇ ಅವಳ ಕೆಟ್ಟ ಚಾಳಿ.

ತಮ್ಮ ಸಂಜೀವ ಗಯಾನಾಕ್ಕೆ ಹೊರಟಾಗಲೂ ಹಾಗೇ ಆಯಿತು. ಮಾನ್ವಿಯ ಅಕ್ಕಿ ಮಿಲ್ಲೊಂದರಲ್ಲಿ ಫಿಟ್ಟರ್ ಆಗಿದ್ದ ಅವನಿಗೆ ರಾಯಚೂರಿನ ಏಜೆಂಟನೊಬ್ಬ ಆ ದೇಶದ ಮಿಲ್ಲಿನಲ್ಲಿ ಕೆಲಸ ಕೊಡಿಸಿದ್ದ. ಹೊರಡುವ ಮುನ್ನ ಸಂಜೀವ ಅಕ್ಕನ ಮನೆಗೆ ಬಂದು ಅಟ್ಲಾಸಿನ ಮುಂದೆ ಕೂತ. ತಾಯಿಯೂ ಅಲ್ಲೇ ಪಕ್ಕದಲ್ಲಿದ್ದಳು. ಅಕ್ಕ ಶುರು ಹಚ್ಚಿಕೊಂಡಳು. ದಕ್ಷಿಣ ಅಮೆರಿಕದ ನೆತ್ತಿಯ ಮೇಲಿನ ಸಣ್ಣ ದೇಶ. ನೆಲ ಕರ್ನಾಟಕಕ್ಕಿಂತ ತುಸು ಹೆಚ್ಚು, ಆದರೆ ಬಹುಪಾಲು ಕಾಡು. ಜನ ರಾಯಚೂರು ಜಿಲ್ಲೆಯ ಅರ್ಧದಷ್ಟೂ ಇಲ್ಲ. ನಮಗೆ ಕೃಷ್ಣಾ, ತುಂಗಭದ್ರಾ ಇದ್ದ ಹಾಗೆ ಅಲ್ಲಿ ಡೆಮೆರಾರಾ, ಎಸೆಕ್ವಿಬೊ. ಕರಾವಳಿ ಸಮುದ್ರಕ್ಕಿಂತ ತಗ್ಗು, ನೀರು ನುಗ್ಗದಂತೆ ಗೋಡೆ ಕಟ್ಟಿದ್ದಾರೆ. ಮೊದಲು ಡಚ್ಚರು ಆಳಿದರು, ಆಮೇಲೆ ಇಂಗ್ಲಿಷರು. ಕಬ್ಬಿನ ತೋಟಕ್ಕೆ ಆಫ್ರಿಕಾದವರನ್ನು ಗುಲಾಮರಾಗಿ ತಂದರು. ಗುಲಾಮಗಿರಿ ನಿಂತ ಮೇಲೆ ನಮ್ಮ ದೇಶದ ಕೂಲಿಗಳನ್ನು ಹಡಗಿನಲ್ಲಿ ತುಂಬಿ ಒಯ್ದರು, ಮದ್ರಾಸಿನಿಂದಲೂ ಒಯ್ದರು. ಇವತ್ತು ಅಲ್ಲಿ ಭತ್ತ ಬೆಳೆಯುವವರು ಹೆಚ್ಚಾಗಿ ಆ ಕೂಲಿಗಳ ಮರಿಮಕ್ಕಳೇ.

ಸಂಜೀವ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

“ಅಕ್ಕಾ, ಅಲ್ಲೂ ಅಮಾಸಿಗಿ ಮಿಲ್ ಬಂದ್ ಇಡ್ತಾರೇನು?”

“ಇಡ್ಲಾರದ ಏನಲೇ? ಅವರೂ ನಮ್ಮ ಮಂದಿನ ಅಲ್ಲೇನು?”

ಅವನು ಕೆಲಸ ಕಲಿತ ಮಿಲ್ಲಿನಲ್ಲಿ ಅಮಾವಾಸ್ಯೆಗೆ ಬೆಲ್ಟು ತಿರುಗುವುದಿಲ್ಲ. ಹಮಾಲರು ಯಂತ್ರ ಒರೆಸಿ ಕಾಯಿ ಒಡೆಯುತ್ತಾರೆ. ಭತ್ತ ತುಂಬುವ ತಗಡಿನ ಬಿನ್ನಿನೊಳಗೆ ಫಿಟ್ಟರ್ ಇಳಿದು, ಗೋಡೆಗೆ ಗಟ್ಟಿಯಾಗಿ ಹಿಡಿದ ಭತ್ತವನ್ನು ಕೆಡವುವುದು ಆ ಒಂದು ದಿನ ಮಾತ್ರ. ಅವರಪ್ಪ ಮಲ್ಲಯ್ಯ ಅಲ್ಲೇ ಹಮಾಲಿ ಮಾಡಿ ತೀರಿಹೋದವನು. ಬೌದ್ಧ ದೀಕ್ಷೆ ಪಡೆದು ಮಗಳಿಗೆ ಸಂಘಮಿತ್ರಾ ಎಂದು ಹೆಸರಿಟ್ಟ ಮೇಲೂ ಈ ಪದ್ಧತಿ ಬಿಟ್ಟಿರಲಿಲ್ಲ. “ಇದು ದೇವರಿಗಲ್ಲ, ಜೀವಕ್ಕ,” ಅನ್ನುತ್ತಿದ್ದ.

ಸಂಜೀವ ಹೋದ ಇಪ್ಪತ್ತೆರಡನೇ ದಿನಕ್ಕೆ ಅಮಾವಾಸ್ಯೆ ಬಂತು. ಸಂಜೆ ಐದೂವರೆ, ಅಲ್ಲಿ ಬೆಳಿಗ್ಗೆ ಎಂಟು. ಸಂಘಮಿತ್ರಾಳ ಫೋನು ಬಡಿದುಕೊಂಡಿತು. ಅಲ್ಲಿನ ಮಿಲ್ ಮಾಲೀಕನ ಹೆಂಡತಿ ರಾಧಾ ಇಂಗ್ಲಿಷಿನಲ್ಲಿ ಅಳುತ್ತಿದ್ದಳು. ಸಂಜೀವ ಬಿನ್ನಿನೊಳಗಿದ್ದಾಗ ಕೆಳಗೆ ಯಾರೋ ಮೋಟಾರು ಹಾಕಿದ್ದರು. ಭತ್ತ ಅವನನ್ನು ಒಳಗೆ ಎಳೆದುಕೊಂಡಿತ್ತು. ತಗಡು ಕೊರೆಯುತ್ತಿದ್ದೇವೆ, ಮತ್ತೆ ಫೋನು ಮಾಡುತ್ತೇನೆ ಎಂದು ಇಟ್ಟಳು.

ತಾಯಿ ಮೂಕಮ್ಮ ನಂಬಲಿಲ್ಲ. “ಸುಳ್ಳು. ಇವತ್ತು ಅಮಾಸಿ. ಮೋಟರ್ ಹ್ಯಾಂಗ ಚಾಲೂ ಆಗ್ತದ?”

ತಾನು ತಮ್ಮನಿಗೆ ಅಂದ ಮಾತು ಸಂಘಮಿತ್ರಾಳಿಗೆ ಆಗ ನೆನಪಾಯಿತು. ಏಜೆಂಟನಿಗೆ ಫೋನು ಹಚ್ಚಿದಳು, ಸ್ವಿಚ್ ಆಫ್. ಮತ್ತೆ ಹಚ್ಚಿದಳು. ಮಾಡಲು ಬೇರೇನೂ ತೋಚದೆ ಅಟ್ಲಾಸ್ ತೆಗೆದು ನೆಲದ ಮೇಲೆ ಹರಡಿದಳು. ದೇಶ ಸಿಕ್ಕಿತು, ನದಿ ಸಿಕ್ಕಿತು, ಊರೂ ಸಿಕ್ಕಿತು. ಅಷ್ಟೆಲ್ಲ ಕಲಿತವಳಿಗೆ ಇಲ್ಲಿ ಕೂತು ತಮ್ಮನ ಮುಖದ ಮೇಲಿನ ಒಂದು ಹಿಡಿ ಭತ್ತ ಸರಿಸಲು ಆಗಲಿಲ್ಲ.

“ಆ ದೇಶದಾಗ ಮಂದಿ ಭಾಳ ಅದಾರೇನು? ಕೂಡಿ ಹೊರಗ ತಗೀತಾರಿಲ್ಲ?” ಮೂಕಮ್ಮ ಕೇಳಿದಳು.

“ಭಾಳ ಇಲ್ಲ ಯವ್ವಾ. ಎಂಟು ಲಕ್ಷ.”

“ಎಂಟು ಲಕ್ಷದಾಗ ಹತ್ತು ಮಂದಿ ಬಂದ್ರ ಸಾಕಲ್ಲ,” ಎಂದು ಮುದುಕಿ ಸೆರಗು ಬಾಯಿಗೆ ತುರುಕಿಕೊಂಡಳು.

ಎರಡು ತಾಸು ಹಾಗೇ ಕಳೆಯಿತು. ಒಲೆ ಹೊತ್ತಲಿಲ್ಲ, ಯಾರೂ ದೀಪ ಹಾಕಲಿಲ್ಲ. ಏಳೂವರೆಗೆ ರಾಧಾಳ ಫೋನು ಬಂತು. ಹೊರಗೆ ತೆಗೆದಿದ್ದರು. ಉಸಿರಿರಲಿಲ್ಲ.

“ಅವನು ಒಳಗೆ ಯಾಕೆ ಇಳಿದ?” ಉತ್ತರ ಗೊತ್ತಿದ್ದೇ ಸಂಘಮಿತ್ರಾ ಕೇಳಿದಳು.

“ನಾಳೆ ಅಮಾವಾಸ್ಯೆ, ಮಿಲ್ ಇಲ್ಲ ಎಂದು ನಿನ್ನೆ ಎಲ್ಲರಿಗೂ ನಗುನಗುತ್ತ ಹೇಳಿದ. ತನಗೆ ರಜೆ ಕೇಳುತ್ತಿದ್ದಾನೆ ಅಂದುಕೊಂಡೆವು. ಅವನು ಒಳಗಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ.”

“ನಿಮ್ಮಲ್ಲಿ ಅಮಾವಾಸ್ಯೆ ಮಾಡುವುದಿಲ್ಲವಾ?”

“ದೀಪಾವಳಿಯದೊಂದು ಗೊತ್ತು. ಮಿಲ್ಲಿಗೆ ರಜೆ ಭಾನುವಾರ.”

ಮಗಳ ಮುಖ ನೋಡಿಯೇ ಮೂಕಮ್ಮನಿಗೆ ತಿಳಿಯಿತು. ಓಣಿಯ ಹೆಂಗಸರೆಲ್ಲ ಓಡಿ ಬರುವಂತೆ ಚೀರಿದಳು, ಎದೆ ಎದೆ ಬಡಿದುಕೊಂಡಳು. ಅತ್ತು ಅತ್ತು ದನಿ ಇಂಗಿದ ಮೇಲೆ ಮಗಳ ಕೈ ಹಿಡಿದುಕೊಂಡಳು.

“ಪರದೇಶಿ ಆಗಿ ಸಾಯಲಿಲ್ಲ ನನ್ನ ಮಗ. ನಮ್ಮ ಮಂದಿ ನಡುವ ಹೋದ. ನೀನ ಹೇಳಿದ್ದಿ ಅಲ್ಲವ್ವಾ, ಅಲ್ಲಿರೋರು ನಮ್ಮ ಮಂದಿನ ಅಂತ?”

ನನಗೆ ಗೊತ್ತಿರಲಿಲ್ಲ ಯವ್ವಾ, ಸುಮ್ಮನೆ ಹೇಳಿದೆ ಎನ್ನಲು ಸಂಘಮಿತ್ರಾ ಬಾಯಿ ತೆರೆದಳು. ಮುದುಕಿ ಆ ಒಂದು ಮಾತಿಗಾಗಿ ಅವಳ ಮುಖವನ್ನೇ ನೋಡುತ್ತಿದ್ದಳು.

“ಹೂಂ ಯವ್ವಾ,” ಎಂದಳು ಟೀಚರು. “ನಮ್ಮ ಮಂದಿನ.”