ಹುಣ್ಣಿಮೆ ಮಾರನೇ ದಿನದ ಕಣ್ಣು

ಕಪ್ಪು ಕನ್ನಡಕ ಹಾಕಿಕೊಂಡು ಲ್ಯಾಬಿಗೆ ಬರುವವರು ಎರಡು ಥರ: ಕಣ್ಣು ಬಂದವರು, ಕಣ್ಣು ತಪ್ಪಿಸುವವರು. ದೇವರಾಜು ಎರಡನೆಯವರು. ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಹಿಂದಿನ ನಮ್ಮ ರಕ್ತಪರೀಕ್ಷೆಯ ಲ್ಯಾಬಿನ ಕುರ್ಚಿಯಲ್ಲಿ ಕೂತು, ಅತ್ತಿತ್ತ ನೋಡಿ, ಕನ್ನಡಕ ತೆಗೆದರು. ಕಣ್ಣಿನ ಬಿಳಿಯೆಲ್ಲ ಹಳದಿ. ಅವರಿಗೆ ಪಿತ್ತ ಕಣ್ಣಿಗೇರಿತ್ತು. ನೋಡಿದ ಕೂಡಲೇ ನನಗೆ ನೆತ್ತಿಗೇರಿತು.

ಮಾಸ್ಕಿನೊಳಗಿದ್ದ ನನ್ನ ಗುರುತು ಅವರಿಗೆ ಹತ್ತಲಿಲ್ಲ. ನಾನು ಕೀರ್ತಿರಾಜ್, ಅವರ ರೈಸ್ ಮಿಲ್ಲಿನಲ್ಲಿ ಲಾರಿ ಓಡಿಸುತ್ತಿದ್ದ ಶಾಂತರಾಜುವಿನ ಮಗ.

ನಮ್ಮದು ಬೌದ್ಧ ಮನೆ. ಹೆಂಡ ಮುಟ್ಟುವುದಿಲ್ಲವೆಂದು ಶೀಲ ತೆಗೆದುಕೊಂಡಿದ್ದ ಅಪ್ಪ, ಹುಣ್ಣಿಮೆಗೆ ಹುಣ್ಣಿಮೆ ಬರೀ ನೀರು ಕುಡಿದು ಉಪವಾಸ ಇರುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಅಂಥದೊಂದು ಹುಣ್ಣಿಮೆಯ ಮಾರನೇ ಬೆಳಿಗ್ಗೆ, ಹಮಾಲರೆಲ್ಲರ ಜೊತೆ ನಾನೂ ನಿಂತಿದ್ದ ಮಿಲ್ಲಿನ ಅಂಗಳದಲ್ಲಿ, ದೇವರಾಜು ಅವನ ಗದ್ದ ಹಿಡಿದೆತ್ತಿದರು.

"ಏನ್ಲಾ ಶಾಂತ, ಕಣ್ಣು ಇಂಗೆ ಅಳದಿಯಾಗವೆ? ರಾತ್ರಿಯೆಲ್ಲಾ ಉಯ್ಕಂಡಿದ್ದಾ? ಊದ್ಲಾ!"

ಅಪ್ಪ ಊದಿದ. ಹಸಿದ ಬಾಯಿಯ ವಾಸನೆಯಲ್ಲದೆ ಬೇರೇನೂ ಇರಲಿಲ್ಲ.

"ಯಾಲಕ್ಕಿ ಅಗ್ದವ್ನೆ ಕಣ್ರಲಾ! ಮಡಗ್ಲಾ ಲಾರಿ ಕೀನ."

ಅವತ್ತಿನಿಂದ 'ಕುಡುಕ' ಎಂಬುದು ಅಪ್ಪನ ಹೆಸರಿಗೆ ಇನಿಷಿಯಲ್ಲಿನ ಹಾಗೆ ಅಂಟಿಕೊಂಡಿತು. ಊರಿನಲ್ಲಿ ಯಾರೂ ಅವನ ಕೈಗೆ ಸ್ಟಿಯರಿಂಗ್ ಕೊಡಲಿಲ್ಲ. ಅರಕಲಗೂಡಿನ ಕಡೆ ಶುಂಠಿ ಹೊಲಗಳಲ್ಲಿ ಕಳೆ ಕಿತ್ತು ನನ್ನನ್ನು ಓದಿಸಿದ. ನಾನು ಪಾಠದ ಜೊತೆಗೆ ದೇವರಾಜು ಅವರ ದನಿಯನ್ನೂ ಕಲಿತೆ, ಮೂಗಿನಲ್ಲಿ ಎಳೆಯುವ ಆ 'ಊದ್ಲಾ' ಸಮೇತ. ಹಾಸನದ ಕಾಲೇಜಿನಲ್ಲಿ ಅದಕ್ಕೆ ಚಪ್ಪಾಳೆ ಬಿತ್ತು. ಮನೆಯಲ್ಲಿ ಒಂದೇ ಸಲ ಮಾಡಿ ತೋರಿಸಿದೆ. ಅಪ್ಪ ತಟ್ಟೆ ಬಿಟ್ಟು ಎದ್ದು ಹೋದ.

ಅಪ್ಪನ ಕಣ್ಣಿನ ಗುಟ್ಟು ತಿಳಿದದ್ದೂ ಕಾಲೇಜಿನಲ್ಲೇ. ಹಳೆಯ ರಕ್ತಕಣ ಒಡೆದಾಗ ಬೈಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ. ಲಿವರ್ ಅದಕ್ಕೆ ಸಕ್ಕರೆಯ ಜಾತಿಯ ಒಂದು ಆಮ್ಲವನ್ನು ಕಟ್ಟಿ, ಕರಗುವ ಹಾಗೆ ಮಾಡಿ, ಪಿತ್ತರಸದೊಡನೆ ಹೊರಗೆ ಸಾಗಿಸುತ್ತದೆ. ಗ್ಲುಕುರಾನಿಡೇಷನ್ ಎಂದರೆ ಇಷ್ಟೇ. ಜ್ವರಕ್ಕೆ ನುಂಗಿದ ಪ್ಯಾರಾಸಿಟಮಾಲು, ಸಾರಿಗೆ ಹಾಕಿದ ಅರಿಶಿನ, ಎಲ್ಲಕ್ಕೂ ಅಲ್ಲಿ ಇದೇ ಮೂಟೆ ಕಟ್ಟುವ ಕೆಲಸ. ಕೆಲವರಲ್ಲಿ ಬೈಲಿರುಬಿನ್ ಕಟ್ಟುವ ಕೈ ಹುಟ್ಟಿನಿಂದಲೇ ನಿಧಾನ. ಉಪವಾಸ ಬಿದ್ದರಂತೂ ಹಳದಿ ಏರಿ ಕಣ್ಣಿಗೆ ಬರುತ್ತದೆ. ರೋಗವೂ ಅಲ್ಲ, ಕುಡಿತವೂ ಅಲ್ಲ. ಅಪ್ಪನ ರಕ್ತ ಪರೀಕ್ಷಿಸಿದೆ, ಅದೇ. ಆದರೆ ಆ ಕಾಗದ ಹಿಡಿದು ಯಾರ ಮನೆ ಬಾಗಿಲಿಗೆ ಹೋಗಲಿ? ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿಯಂತೆ. ನಮ್ಮೂರಿಗೆ ಹಳದಿ ಕಣ್ಣೆಲ್ಲ ಕುಡುಕರದು.

ಈಗ ದೇವರಾಜು ನನ್ನ ಮುಂದೆ ತೋಳು ಚಾಚಿದ್ದರು.

"ಶನಿವಾರ ಒಪ್ಪತ್ತು ಸುರು ಮಾಡ್ದೆ ಕಣಪ್ಪಾ, ಕಣ್ಣು ಇಂಗಾದ್ವು. ಮಲ್ಲಿಪಟ್ಟಣದ ಸುಬ್ಬಮ್ಮನ ತವ ಕಾಮಾಲೆ ಔಸ್ದಿ ತಗತಾ ಇವ್ನಿ. ಬರೀ ಒಟ್ಟೇಲಿ ಸೊಪ್ಪಿನ ರಸ, ಆಮೇಲೆ ಒಂದೊತ್ತು ಉಪ್ಪಿಲ್ದ ಗಂಜಿ. ಪತ್ಯ ಮಾಡ್ದಷ್ಟೂ ಜಾಸ್ತಿ ಆಯ್ತಾ ಅದೆ! ಭಾನುವಾರ ಚನ್ನರಾಯಪಟ್ಟಣದಲ್ಲಿ ನಮ್ಮ ದಿಲೀಪನ ನಿಶ್ಚಿತಾರ್ಥ. ಎಣ್ಣಿನ ಕಡೆಯೋರು, ಬೀಗ್ರು ಕುಡೀತಾರೆ ಅಂತವ್ರೆ. ಒಂದ್ ತೊಟ್ಟು ಮುಟ್ದವ್ನಲ್ಲ ನಾನು!"

ವರದಿಗೆ ಸಹಿ ಹಾಕುವ ಡಾಕ್ಟರ್ ರಜನೀಶ್ ಅಂಕಿ ನೋಡಿ ನಕ್ಕರು. "ಇದು ಹುಟ್ಟಿನಿಂದ ಬಂದದ್ದು, ಕೀರ್ತಿ. ಲಿವರ್ ಚೆನ್ನಾಗಿದೆ. ಎರಡು ಮಾತು ಹೇಳಿ ಕಳಿಸು. ಕುಡಿತದ್ದಲ್ಲ ಅನ್ನು. ಪಥ್ಯ ಬಿಟ್ಟು ಹೊಟ್ಟೆ ತುಂಬ ಉಣ್ಣೋಕೆ ಹೇಳು."

ಹೊರಗೆ ಬಂದು ಮೊದಲನೆಯ ಮಾತು ಹೇಳಿದೆ. ಎರಡನೆಯದನ್ನು ಜೇಬಿನಲ್ಲಿಟ್ಟುಕೊಂಡೆ. ದೇವರಾಜು ಅವರ ಮುಖ ಅರಳಿತು. "ಇಂಗ್ಲೀಷ್ ಕಾಗ್ದ ಎಣ್ಣಿನ ಕಡೆಯೋರಿಗೇನ್ ತಿಳೀತದೆ? ಭಾನುವಾರ ನೀನೇ ಬಂದು ಬಿಡಿಸಿ ಹೇಳಪ್ಪಾ."

ನಾನು ಮಾಸ್ಕ್ ಇಳಿಸಿ ಮೂಗಿನಲ್ಲಿ ಎಳೆದೆ: "ಏನ್ಲಾ ಶಾಂತ, ರಾತ್ರಿಯೆಲ್ಲಾ ಉಯ್ಕಂಡಿದ್ದಾ? ಊದ್ಲಾ!"

ತಮ್ಮ ದನಿ ತಮಗೇ ಎದುರಾದದ್ದಕ್ಕೆ ಅವರ ಕೈಯ ಕನ್ನಡಕ ನೆಲಕ್ಕೆ ಬಿತ್ತು.

"ನೀನು... ಶಾಂತನ ಮಗ ಅಲ್ವೇನ್ಲಾ?"

"ಊ ಕಣ್ ಗೌಡ್ರೇ. ಭಾನುವಾರ ಚನ್ನರಾಯಪಟ್ಟಣಕ್ಕೆ ಬತ್ತೀನಿ. ಅದಕ್ ಮುಂಚೆ, ಶನಿವಾರ ಬೆಳಿಗ್ಗೆ, ಅದೇ ಅಂಗಳದಲ್ಲಿ, ಅದೇ ಹಮಾಲರ ಮುಂದೆ ನಮ್ಮಪ್ಪ ಕುಡ್ದಿರಲಿಲ್ಲ ಅಂತ ನೀವು ಹೇಳ್ಬೇಕು. ಕನ್ನಡಕ ಇಲ್ದೆ."

"ಇಲ್ಲೇ ಕೈ ಮುಗೀತೀನಿ ಕಣಪ್ಪಾ..."

"ಕೀ ಕಿತ್ಕಂಡಿದ್ದು ಇಲ್ಲಲ್ಲ."

ಮೂರು ದಿನದ ಗಂಜಿ ಚೆನ್ನಾಗಿ ಕೆಲಸ ಮಾಡಿತ್ತು. ಶನಿವಾರ ಅವರ ಕಣ್ಣು ಮಾಗಿದ ನಿಂಬೆಹಣ್ಣು. ಮಿಲ್ಲಿನ ಅಂಗಳದಲ್ಲಿ ಅಪ್ಪ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ನಿಂತಿದ್ದ.

"ಇದು ಕುಡ್ತದ್ದಲ್ಲ ಕಣ್ರಪ್ಪಾ," ಎಂದರು ದೇವರಾಜು ನೆಲ ನೋಡುತ್ತ. "ಉಟ್ಟಿದ್ದೇ ಇಂಗೆ. ಅವತ್ತು ಶಾಂತಂಗೂ ಇದೇ ಆಗಿದ್ದು. ಅವ್ನು ಕುಡ್ದಿರ್ಲಿಲ್ಲ."

"ಗಟ್ಯಾಗೇಳಿ ಸಾ," ಎಂದ ಮುದಿ ಹಮಾಲ ಚಿಕ್ಕಯ್ಯ. "ಮಿಷಿನ್ ಸದ್ದಿಗೆ ಕೇಳ್ಸಾಕಿಲ್ಲ."

ಮಿಷಿನ್ ನಿಂತಿತ್ತು. ದೇವರಾಜು ಇನ್ನೊಮ್ಮೆ, ಕೂಗಿ ಹೇಳಿದರು. ಆಮೇಲೆ ಲಾರಿ ಕೀ ಚಾಚಿದರು.

ಅಪ್ಪ ಕೀ ಮುಟ್ಟಲಿಲ್ಲ. ಹತ್ತಿರ ಹೋಗಿ, ಎರಡು ಬೆರಳಿನಲ್ಲಿ ಅವರ ಗದ್ದ ಎತ್ತಿದ.

"ಊದಿ ಗೌಡ್ರೇ."

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ದೇವರಾಜು ನನ್ನತ್ತ ನೋಡಿದರು, ಹಮಾಲರತ್ತ ನೋಡಿದರು. ಕಣ್ಣು ಮುಚ್ಚಿ ಊದಿದರು.

ಅಪ್ಪ ಹಮಾಲರ ಕಡೆ ತಿರುಗಿ ಮೂಗಿನಲ್ಲಿ ಎಳೆದ: "ಯಾಲಕ್ಕಿ ಅಗ್ದವ್ರೆ ಕಣ್ರಲಾ!"

ಸಾಕ್ಷಾತ್ ದೇವರಾಜು. ನನ್ನದು ಕಾಲೇಜಿನ ಚಪ್ಪಾಳೆಗಷ್ಟೇ ಸಾಕಿತ್ತು; ಅಪ್ಪ ಹನ್ನೊಂದು ವರ್ಷ ಅದನ್ನು ಗಂಟಲಲ್ಲೇ ಇಟ್ಟುಕೊಂಡಿದ್ದ. ಅಂಗಳ ಬಿದ್ದು ಬಿದ್ದು ನಕ್ಕಿತು.

"ನಡೀಲಾ ಕೀರ್ತಿ, ಒಟ್ಟೆ ಅಸೀತದೆ," ಎಂದು ಅಪ್ಪ ನನ್ನ ಬೈಕಿನ ಹಿಂದಿನ ಸೀಟು ಏರಿದ.

ಹಿಂದಿನಿಂದ ದೇವರಾಜು ಕೂಗಿದರು. "ಲೋ ಕೀರ್ತೀ, ಈ ಪತ್ಯ ಎಲ್ಲೀಗಂಟ ಮಾಡ್ಲಪ್ಪಾ?"

"ನಾಳೆ ಹೇಳ್ತೀನಿ ಗೌಡ್ರೇ," ಎಂದೆ ಬೈಕ್ ಒದೆಯುತ್ತ. "ನಿಶ್ಚಿತಾರ್ಥದ ಊಟ ಮುಗಿದ ಮೇಲೆ."